ಇಪ್ಪತ್ತೈದನೆಯ ವರ್ಷದ ಮುಂಬಯಿ ಪ್ರಯಾಣ

ಮದುವೆಯಾದ ದಿನವನ್ನು ವರ್ಷವರ್ಷವೂ ನೆನೆದು ಹಬ್ಬಮಾಡುವ ಪದ್ಧತಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ಹುಟ್ಟಿದ ನಕ್ಷತ್ರಕ್ಕೆ ಎಣ್ಣೆಸ್ನಾನವುಂಟು. ಹಿರಿಯರು ಕಾಲವಾದ ತಿಥಿಗೆ ಶ್ರಾದ್ಧವುಂಟು. ಅರುವತ್ತು ತುಂಬಿದಾಗ ಷಷ್ಟ್ಯಬ್ದಪೂರ್ತಿಯ ಶಾಂತಿಯುಂಟು. ಗಂಡಹೆಂಡಿರು ತಮ್ಮ ದಾಂಪತ್ಯವನ್ನೇ ಕುರಿತು ಒಂದು ದಿನ ಯೋಚಿಸಲು ಪಂಚಾಂಗದಲ್ಲಿ ಎಡೆಯಿರಲಿಲ್ಲ. ಈಗ ಆ ಪದ್ಧತಿ ಬಂದಿದೆ. ಇದು ಪರಕೀಯವೆಂದು ಮೂಗು ಮುರಿಯುವವರ ಪಂಕ್ತಿಯಲ್ಲಿ ನಾವು ಕೂಡುವುದಿಲ್ಲ. ಸಪ್ತಪದಿಯ ಮೊದಲ ಆರು ಹೆಜ್ಜೆಗಳು ಅನ್ನ, ಬಲ, ಸುಖ, ಸಂತಾನ ಮೊದಲಾದುವುಗಳಿಗಾಗಿ, ಏಳನೆಯದು ಸಖ್ಯಕ್ಕಾಗಿ. ಆರು ಹೆಜ್ಜೆಗಳ ಫಲಕ್ಕಾಗಿ ಸಂಸಾರವು ದಿನವೂ ದುಡಿಯುತ್ತದೆ; ಏಳನೆಯದರ ಲೆಕ್ಕ ಕೇಳುವವರಿಲ್ಲ. ಅದಕ್ಕೆಂದು ಇಪ್ಪತ್ತೈದು ವರ್ಷಕ್ಕೊಮ್ಮೆ ಒಂದು ಪ್ರಯಾಣವನ್ನು ಎತ್ತಿಟ್ಟರೆ ಧರ್ಮಕ್ಕೆ ಲೋಪವೇನೂ ಬಾರದು.

ಈ ತಿಂಗಳು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣನಾದವನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು. ಸಾಗರದಲ್ಲಿ ಪುಸ್ತಕ ಕಾಗದಗಳ ಅಂಗಡಿಯಿಟ್ಟುಕೊಂಡು ಮರ್ಯಾದೆಯಿಂದ ಬಾಳುತ್ತಿರುವವನು. ಬರುವ ವೈಶಾಖಕ್ಕೆ ಅವನ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತದೆ. “ಮೇಷ್ಟ್ರೇ, ಅಂಗಡಿ ತೆರೆದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಈ ಸಲ ಅವಳಿಗೆ ಮುಂಬಯಿ ತೋರಿಸಬೇಕು ಅಂತ ಇದೆ. ತಾವು ಇದನ್ನೊಮ್ಮೆ ತಿದ್ದಿಕೊಡಬೇಕು” ಎಂದು ಒಂದು ಹಾಳೆಯನ್ನು ನಮ್ಮ ಮುಂದಿಟ್ಟನು. ಮೂರು ದಿನಗಳಿಗೆ ಹದಿನಾಲ್ಕು ಸ್ಥಳಗಳು! ಚಲನಚಿತ್ರ ನಟರ ಮನೆಗಳ ಹೊರಗೋಡೆಯೂ ಅದರಲ್ಲಿ ಸೇರಿತ್ತು. ಮಗ ಮಗಳು ಮೊಬೈಲಿನಲ್ಲಿ ಹುಡುಕಿ ಬರೆದುಕೊಟ್ಟದ್ದಂತೆ. ಮಕ್ಕಳ ಪ್ರೀತಿಗೆ ನಾವು ಬೆಲೆ ಕೊಡುತ್ತೇವೆ. ಅವರ ವೇಗಕ್ಕೆ ಕೊಡಲಾರೆವು.

ಹಾಳೆಯನ್ನು ಓದಿ ನಾವು ಕೇಳಿದ್ದು ಒಂದೇ ಪ್ರಶ್ನೆ: “ಇದರಲ್ಲಿ ನಿನ್ನ ಹೆಂಡತಿ ಹೇಳಿದ ಸ್ಥಳ ಯಾವುದಪ್ಪ?” ಅವನು, “ಅವಳು ಎಲ್ಲದಕ್ಕೂ ಆಗಲಿ ಅನ್ನುತ್ತಾಳೆ ಮೇಷ್ಟ್ರೇ” ಎಂದನು. ವಾಚಕ ಮಹಾಶಯರಲ್ಲಿ ಬಹುಮಂದಿ ಈ ಉತ್ತರವನ್ನು ತಮ್ಮ ಮನೆಯಲ್ಲಿಯೂ ಕೇಳಿರಬಹುದು. ‘ಆಗಲಿ’ ಎಂಬುದು ನಮ್ಮ ಗೃಹಿಣಿಯರ ಬಾಯಲ್ಲಿ ಒಮ್ಮೆ ಸಮ್ಮತಿ, ಒಮ್ಮೆ ಮೌನ. ಯಾವುದು ಯಾವಾಗ ಎಂದು ತಿಳಿಯಲು ನಾವು ಮೂವತ್ತು ವರ್ಷ ಕಲಿಸಿದ ವ್ಯಾಕರಣವು ಸಾಲದು.

ತುಳಸಿಪೂಜೆಯ ಸಂಜೆ ಆ ಹೆಣ್ಣುಮಗಳು ಕುಂಕುಮಕ್ಕೆಂದು ನಮ್ಮಲ್ಲಿಗೆ ಬಂದಾಗ ನಮ್ಮ ಮನೆಯವರು ಅಡಿಗೆಮನೆಯಲ್ಲಿ ಕೂರಿಸಿಕೊಂಡು ವಿಚಾರಿಸಿದರು. ಆಗ ಹೊರಬಿದ್ದ ಸಂಗತಿಯನ್ನು ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ. ಆಕೆಯ ತವರು ಕುಂದಾಪುರದ ಹತ್ತಿರದ ಹಳ್ಳಿ. ತಂದೆ ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ, ಮಾಟುಂಗದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಮೊದಲುಮಾಡಿ, ಮುಂದೆ ಅಡಿಗೆಯವರಾಗಿ ಮೂವತ್ತೊಂದು ವರ್ಷ ಒಲೆಯ ಮುಂದೆ ನಿಂತವರು. ವರ್ಷಕ್ಕೊಮ್ಮೆ ಒಂದು ತಿಂಗಳು ಊರಿಗೆ ಬರುವರು. ಉಳಿದ ಹನ್ನೊಂದು ತಿಂಗಳು ಅವರ ಪರವಾಗಿ ಬರುತ್ತಿದ್ದುದು ಮನಿಯಾರ್ಡರು, ಅದರ ಕೂಪನ್ನಿನಲ್ಲಿ ಎರಡು ಸಾಲು. ಆ ಕೂಪನ್ನುಗಳು ಆಕೆಯ ಪೆಟ್ಟಿಗೆಯಲ್ಲಿ ಇಂದಿಗೂ ಇವೆ. ಎಂಟು ಮಂದಿ ಒಂದೇ ಅಟ್ಟದಲ್ಲಿ ಮಲಗುತ್ತಿದ್ದ ಕಡೆಗೆ ಹೆಂಡತಿಮಕ್ಕಳನ್ನು ಕರೆದೊಯ್ಯುವುದುಂಟೆ? ಅವರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು.

“ಅಪ್ಪಯ್ಯ ನಡೆದಾಡಿದ ಬೀದಿಯನ್ನು ಒಂದು ಸಲ ನೋಡಬೇಕು ಅಂತ ಆಸೆ ಅಮ್ಮ. ಇವರು ಅಷ್ಟು ದುಡ್ಡು ಹಾಕಿ ಕರಕೊಂಡು ಹೋಗುವಾಗ ಹೋಟೆಲಿನ ಹಿತ್ತಿಲು ತೋರಿಸಿ ಅನ್ನಲಿಕ್ಕೆ ಸಂಕೋಚ” ಎಂದಳಂತೆ. ಮಾವನವರು ಮುಂಬಯಿಯಲ್ಲಿ ದುಡಿದರೆಂಬುದು ಗಂಡನಿಗೆ ತಿಳಿಯದ ವಿಷಯವೇನೂ ಅಲ್ಲ. ಅದು ಪ್ರೇಕ್ಷಣೀಯ ಸ್ಥಳವೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಹದಿನಾಲ್ಕು ಸ್ಥಳಗಳ ಹಾಳೆಯಲ್ಲಿ ಮಾಟುಂಗವು ಇರಲಿಲ್ಲ.

ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗವನ್ನು ಓದಿದವರಿಗೆ ನಾವು ಹೇಳುವುದು ಸುಲಭವಾಗಿ ತಿಳಿದೀತು. ಲಂಕೆಯಿಂದ ಹಿಂದಿರುಗುವಾಗ ರಾಮನು ಪುಷ್ಪಕದ ಮೇಲಿನಿಂದ ಸೀತೆಗೆ ದೇಶವನ್ನು ತೋರಿಸುತ್ತಾನೆ. ಸಮುದ್ರವನ್ನೂ ಪರ್ವತವನ್ನೂ ತೋರಿಸುವನು, ಸರಿಯಷ್ಟೆ. ಆದರೆ ಅವನ ದನಿ ಆರ್ದ್ರವಾಗುವುದು ಆಕೆಯ ಕಾಲಂದುಗೆ ಬಿದ್ದು ಸಿಕ್ಕಿದ ಎಡೆಯಲ್ಲಿ, ಇಬ್ಬರೂ ವಾಸಿಸಿದ್ದ ಪಂಚವಟಿಯಲ್ಲಿ. ಬೇರೆ ಯಾರಿಗೂ ಅವು ಹೆಸರಿಲ್ಲದ ನೆಲ. ದಂಪತಿಗಳ ಪ್ರಯಾಣವು ಇತರ ಪ್ರವಾಸಕ್ಕಿಂತ ಬೇರೆಯಾಗುವುದು ಇಲ್ಲಿಯೇ. ಆದಕಾರಣ ನಾವು ಆ ಹಾಳೆಯನ್ನು ಮಡಿಸಿಟ್ಟು, ಮಾಟುಂಗವನ್ನು ಮೊದಲು ಬರೆದು, ಉಳಿದುದನ್ನು ಅದರ ಸುತ್ತ ಜೋಡಿಸಿದೆವು.

ಮೊದಲು ಕಾಲದ ವಿಚಾರ. ನಮ್ಮಲ್ಲಿ ಲಗ್ನಗಳು ಹೆಚ್ಚಾಗಿ ಬೇಸಗೆಯವು. ಮೇ ತಿಂಗಳ ಮುಂಬಯಿಯೆಂದರೆ ಬೆವರಿನ ಸ್ನಾನ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲಮಳೆ. ತಾರೀಖಿಗೇ ಹೋಗಬೇಕೆಂಬ ಹಟವೇತಕ್ಕೆ? ಆ ದಿನ ಮನೆಯಲ್ಲಿ ಪಾಯಸ ಮಾಡಿ ಹಿರಿಯರಿಗೆ ನಮಸ್ಕರಿಸಿದರೆ ಆಯಿತು. ಪ್ರಯಾಣವು ಸಂಕ್ರಾಂತಿ ಕಳೆದ ಮೇಲೆ, ಮಾಘದ ತಂಪಿನಲ್ಲಿ ಆಗಲಿ. ಅಂಗಡಿಕಾರನಿಗೆ ಪರೀಕ್ಷೆಯ ದಿನಗಳ ವ್ಯಾಪಾರವು ಮೊದಲಾಗುವ ಮುನ್ನ ಬಿಡುವೂ ಆಗಲೇ.

ಎರಡನೆಯದು ದಾರಿ. ಘಟ್ಟವಿಳಿದು ಆಕೆಯ ತವರಿನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಕುಂದಾಪುರದಲ್ಲಿ ಮತ್ಸ್ಯಗಂಧಾ ಗಾಡಿಯನ್ನು ಹತ್ತತಕ್ಕದ್ದೆಂದು ಹೇಳಿದೆವು. ಅದು ಮಧ್ಯಾಹ್ನ ಮಂಗಳೂರನ್ನು ಬಿಟ್ಟು ಮರುದಿನ ಮುಂಜಾನೆ ಕುರ್ಲಾದ ಲೋಕಮಾನ್ಯ ತಿಲಕ ನಿಲ್ದಾಣವನ್ನು ಸೇರುತ್ತದೆ. ಕೊಂಕಣ ರೈಲುಮಾರ್ಗವು ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ಅದಕ್ಕೆ ಹಿಂದೆ ಈ ಕರಾವಳಿಯ ಹುಡುಗರು ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದು ಮುಂಬಯಿಗೆ ಹೋಗುತ್ತಿದ್ದರು. ಆಕೆಯ ತಂದೆ ಹೋದದ್ದೂ ಹಾಗೆಯೇ. ಹೊನ್ನಾವರದ ಬಳಿ ಗಾಡಿಯು ಶರಾವತಿಯನ್ನು 2 ಕಿಲೋಮೀಟರಿಗೂ ಮಿಗಿಲಾದ ಸೇತುವೆಯ ಮೇಲೆ ದಾಟುತ್ತದೆ. ಸಾಗರದವರಿಗೆ ಅದು ಮನೆಯ ಹೊಳೆ. ಜೋಗದಲ್ಲಿ ಧುಮುಕಿದುದು ಇಲ್ಲಿ ಕಡಲಿಗೆ ಸೇರುವ ಮುನ್ನ ಹೇಗೆ ಹರಡಿ ಮಲಗಿದೆಯೆಂಬುದನ್ನು ಕಿಟಕಿಯಿಂದ ನೋಡಬೇಕು.

ಟಿಕೆಟ್ಟನ್ನು ಕಾದಿರಿಸುವ ವಿಷಯದಲ್ಲಿ ಹಳೆಯ ಲೆಕ್ಕವನ್ನು ನಂಬಬಾರದು. ಮೊದಲು 120 ದಿನ ಮುಂಚಿತವಾಗಿ ಕೊಡುತ್ತಿದ್ದರು; 2024ರ ನವೆಂಬರಿನಿಂದ ಅದನ್ನು 60 ದಿನಕ್ಕೆ ಇಳಿಸಿದ್ದಾರೆ. 45 ವರ್ಷ ತುಂಬಿದ ಸ್ತ್ರೀಯರಿಗೆ, ಖಾಲಿಯಿದ್ದಷ್ಟು ಮಟ್ಟಿಗೆ, ಕೆಳಗಣ ಬರ್ತನ್ನು ಕೊಡುವ ಏರ್ಪಾಡುಂಟು. ಹೋಗುವ ಟಿಕೆಟ್ಟಿನಷ್ಟೇ ಆಸ್ಥೆಯಿಂದ ಬರುವ ಟಿಕೆಟ್ಟನ್ನೂ ನೋಡಿಕೊಳ್ಳತಕ್ಕದ್ದು.

ಇಳಿದುಕೊಳ್ಳಲು ಮಾಟುಂಗ ಅಥವಾ ದಾದರಿನ ಸುತ್ತ ಒಂದು ಶುಚಿಯಾದ ಕೊಠಡಿ ಸಾಕು. ಸಮುದ್ರಕ್ಕೆ ಎದುರಾದ ಕಿಟಕಿಗೆಂದು ಹೆಚ್ಚು ಹಣ ತೆರುವುದಕ್ಕಿಂತ, ಬೆಳಿಗ್ಗೆ ಬಿಸಿನೀರು ಬರುವುದೇ, ಎತ್ತುಗವುಂಟೇ ಎಂದು ಮೊದಲೇ ಕೇಳಿಕೊಳ್ಳುವುದು ಲೇಸು. ಇನ್ನು ಲೋಕಲ್ ರೈಲು. ಅದನ್ನು ಹತ್ತದೆ ಬಂದವನು ಮುಂಬಯಿಯನ್ನು ನೋಡಿದವನಲ್ಲ. ತಪ್ಪಾದ ಹೊತ್ತಿನಲ್ಲಿ ಹತ್ತಿದವನು ರೈಲನ್ನೂ ನೋಡಲಾರನು, ಮುಂದೆ ನಿಂತವರ ಬೆನ್ನನ್ನು ಮಾತ್ರ ನೋಡುವನು. ಬೆಳಗಿನ ಹೊತ್ತು ಜನಪ್ರವಾಹವು ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ. ಆದುದರಿಂದ ಹನ್ನೊಂದು ಗಂಟೆಯ ಮೇಲೆ ಹೋಗಿ ನಾಲ್ಕೂವರೆಯೊಳಗೆ ಹಿಂದಿರುಗುವುದು ಕ್ಷೇಮ. ಹೆಂಗಸರ ಡಬ್ಬಿ ಬೇರೆಯಿದ್ದರೂ ಇವರಿಬ್ಬರೂ ಒಂದೇ ಡಬ್ಬಿಯಲ್ಲಿ ಕೂಡಬೇಕೆಂದು ನಮ್ಮ ಸಲಹೆ. ಮೂರು ದಿನದ ಮಟ್ಟಿಗೆ ಬೇರೆಬೇರೆಯಾಗುವುದು ಬೇಡ.

ಇಳಿದ ದಿನ ಹಗಲು ವಿಶ್ರಾಂತಿ. ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತು ದೀಪಗಳು ಹೊತ್ತಿಕೊಳ್ಳುವುದನ್ನು ನೋಡುವುದು. ಅದಕ್ಕೆ ಟಿಕೆಟ್ಟಿಲ್ಲ, ಸಮಯದ ಮಿತಿಯಿಲ್ಲ. ಅಂದು ಮಾತ್ರ ಹಿಂದಿರುಗಲು ಟ್ಯಾಕ್ಸಿಯೇ ಸರಿ.

ಎರಡನೆಯ ದಿನ ಘಾರಾಪುರಿ. ಪೋರ್ಚುಗೀಸರು ಅಲ್ಲಿದ್ದ ಕಲ್ಲಾನೆಯನ್ನು ಕಂಡು ಎಲಿಫೆಂಟಾ ಎಂದು ಕರೆದ ದ್ವೀಪ. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಗೇಟ್‌ವೇ ಆಫ್ ಇಂಡಿಯಾದ ಬಳಿಯಿಂದ ಬೆಳಿಗ್ಗೆ ದೋಣಿ ಹತ್ತಿದರೆ ಸುಮಾರು ಒಂದು ಗಂಟೆಯ ಯಾನ. ಬೇಗ ಹೊರಡಬೇಕಾದ್ದರಿಂದ ಆ ದಿನವೂ ರೈಲು ಬೇಡ. ಮೇಲೇರಲು ನೂರಿಪ್ಪತ್ತರಷ್ಟು ಮೆಟ್ಟಿಲುಗಳಿವೆ, ನಿಧಾನವಾಗಿ ಹತ್ತಬೇಕು. ತಿಂಡಿಯನ್ನು ಕೈಯಲ್ಲಿ ಹಿಡಿದು ನಡೆಯಬಾರದು, ಅಲ್ಲಿನ ಕೋತಿಗಳಿಗೆ ದಾಕ್ಷಿಣ್ಯವಿಲ್ಲ.

ಸುಮಾರು 6ನೆಯ ಶತಮಾನದ ಈ ಗುಹಾಲಯದಲ್ಲಿ ಎಲ್ಲರೂ ನೇರವಾಗಿ ಮೂರು ಮುಖದ ಸದಾಶಿವನ ಮುಂದೆ ಹೋಗಿ ನಿಲ್ಲುವರು. ನಿಲ್ಲತಕ್ಕದ್ದೇ, 20 ಅಡಿಯಷ್ಟು ಎತ್ತರದ ಆ ಶಾಂತಿಯನ್ನು ಬೇರೆಲ್ಲಿ ಕಾಣುವೆವು? ಆದರೆ ಮದುವೆಯ ನೆನಪಿಗಾಗಿ ಹೋದ ದಂಪತಿಗಳು ಕಲ್ಯಾಣಸುಂದರನ ಶಿಲ್ಪವನ್ನು ಹುಡುಕಿಕೊಂಡು ಹೋಗಬೇಕು. ಶಿವನು ಪಾರ್ವತಿಯ ಕೈ ಹಿಡಿಯುತ್ತಿರುವನು, ಬ್ರಹ್ಮನೇ ಪುರೋಹಿತನು. ವಧುವಿನ ಮುಖದಲ್ಲಿ ಲಜ್ಜೆ. ಆಕೆಯ ಬೆನ್ನ ಹಿಂದೆ ತಂದೆಯಾದ ಹಿಮವಂತನು ಮಗಳನ್ನು ಒಪ್ಪಿಸಿಕೊಡುತ್ತ ನಿಂತಿರುವನು. ಶಿಲ್ಪವು ಬಹಳವಾಗಿ ಭಗ್ನವಾಗಿದೆ. ಕೈಕಾಲುಗಳು ಒಡೆದುಹೋಗಿದ್ದರೂ ಆ ನಿಲುವು ಮಾತ್ರ ಹಾಗೆಯೇ ಉಳಿದಿದೆ.

ಕನ್ನಡಿಗರಿಗೆ ಈ ದ್ವೀಪದ ಮೇಲೆ ಇನ್ನೊಂದು ಸಲುಗೆಯೂ ಉಂಟು. ಐಹೊಳೆಯಲ್ಲಿರುವ 634ರ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯು ಪಡುಗಡಲ ‘ಪುರಿ’ಯನ್ನು ಗೆದ್ದುದನ್ನು ವರ್ಣಿಸಿದ್ದಾನೆ, ಆ ಪುರಿ ಈ ಘಾರಾಪುರಿಯೇ ಎಂಬುದು ಕೆಲವು ವಿದ್ವಾಂಸರ ಮತ. ತನ್ನನ್ನು ಕಾಳಿದಾಸ ಭಾರವಿಗಳಿಗೆ ಹೋಲಿಸಿಕೊಂಡ ಕವಿಯೂ ಅವನೇ. ಇರಲಿ, ಇದು ಮೇಷ್ಟರ ಚಪಲ.

ದೋಣಿಯಿಂದ ಇಳಿದ ಮೇಲೆ 1924ರಲ್ಲಿ ಮುಗಿದ ಗೇಟ್‌ವೇ ಕಮಾನನ್ನು ನೋಡಲು ಕಾಲು ಗಂಟೆ ಸಾಕು. ಬ್ರಿಟಿಷ್ ಸೇನೆಯ ಕಡೆಯ ತುಕಡಿಯು 1948ರ ಫೆಬ್ರವರಿಯಲ್ಲಿ ಅದರ ಮೂಲಕವೇ ಹೊರಟುಹೋಯಿತೆಂಬುದನ್ನು ನೆನೆದರೆ ಕಲ್ಲಿಗೆ ಅರ್ಥ ಬರುತ್ತದೆ. ಹತ್ತಿರದ ವಸ್ತುಸಂಗ್ರಹಾಲಯವನ್ನು ಕಾಲಿನಲ್ಲಿ ಶಕ್ತಿಯಿದ್ದರೆ ನೋಡಲಿ. ವಿಕ್ಟೋರಿಯಾ ಟರ್ಮಿನಸ್ ಎಂದು ಹಿಂದೆ ಕರೆಯುತ್ತಿದ್ದ, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿನ ದೊಡ್ಡ ನಿಲ್ದಾಣವನ್ನು ಎದುರು ಬೀದಿಯಲ್ಲಿ ನಿಂತು ನೋಡುವುದೇ ಚೆಂದ. ಇಷ್ಟೆ. ನಟರ ಗೋಡೆಗಳನ್ನು ನಾವು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿದೆವು.

ಮೂರನೆಯ ದಿನ ಪೂರ್ತಿಯಾಗಿ ಮಾಟುಂಗಕ್ಕೆ. ಅಲ್ಲಿನ ರೈಲು ನಿಲ್ದಾಣವನ್ನು 2017ರಲ್ಲಿ ಸಂಪೂರ್ಣವಾಗಿ ಸ್ತ್ರೀಯರ ಕೈಗೆ ಒಪ್ಪಿಸಿದರು. ಹೊರಗೆ ಬಂದರೆ ಮಲ್ಲಿಗೆಯ ಮಾಲೆ, ಬಾಳೆಯೆಲೆ, ಕಾಫಿಪುಡಿಯ ವಾಸನೆ. ನಿಲ್ದಾಣದ ಪಕ್ಕದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟವುಂಟು. ಅದು ಆಕೆಯ ತಂದೆಯವರು ದುಡಿದ ಸ್ಥಳವಲ್ಲ. ಆದರೂ ಕರಾವಳಿಯಿಂದ ಬಂದ ಎಷ್ಟೋ ಮಂದಿ ಹುಡುಗರು ಇಂತಹ ಅಡಿಗೆಮನೆಗಳ ಹಬೆಯಲ್ಲಿ ದೊಡ್ಡವರಾದರು, ಹಗಲು ಬಡಿಸಿ ರಾತ್ರಿಶಾಲೆಯಲ್ಲಿ ಓದಿದರು ಎಂಬುದನ್ನು ಆ ಎಲೆಯ ಮುಂದೆ ಕುಳಿತು ನೆನೆಯುವುದು ಯೋಗ್ಯ. ಬಡಿಸುವವರೊಡನೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಎರಡು ಮಾತಾಡಲಿ.

ಕೂಪನ್ನುಗಳ ಮೇಲಿನ ವಿಳಾಸವನ್ನು ಬಿಡಿಯಾಗಿ ಬರೆದುಕೊಂಡು ಹೋಗಬೇಕೆಂದೂ ಮೂಲವನ್ನು ಮನೆಯಲ್ಲಿಯೇ ಇಡಬೇಕೆಂದೂ ಹೇಳಿದ್ದೇವೆ. ಜನಜಂಗುಳಿಯಲ್ಲಿ ಕಳೆದರೆ ಮತ್ತೆ ಸಿಕ್ಕುವ ವಸ್ತುವಲ್ಲ. ಆ ಹೋಟೆಲು ಈಗ ಇಲ್ಲದಿರಬಹುದು. ಹಾಗಾದರೆ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ವಿಚಾರಿಸಲಿ. 1926ರಷ್ಟು ಹಿಂದೆ ಹುಟ್ಟಿದ ಸಂಘವದು. ಹಳಬರು ಯಾರಾದರೂ ಆ ಹೆಸರನ್ನು ಬಲ್ಲವರಿದ್ದಾರು. ಯಾರಿಗೂ ತಿಳಿಯದಿದ್ದರೆ ಬೀದಿಯಂತೂ ಇದ್ದೇ ಇರುತ್ತದೆ. ಅಲ್ಲಿ ಆಕೆಗೆ ಎಷ್ಟು ಹೊತ್ತು ನಿಲ್ಲಬೇಕೆನಿಸುವುದೋ ಅಷ್ಟು ಹೊತ್ತು ಅವನು ಗಡಿಯಾರ ನೋಡದೆ ನಿಲ್ಲಬೇಕು. ಚಿತ್ರ ತೆಗೆಯಲು ಅವಸರಪಡಬಾರದು. ಈ ಒಂದು ಮಾತನ್ನು ಅವನಿಗೆ ಬೇರೆಯಾಗಿ ಕರೆದು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವನವರು ನಮ್ಮ ಮದುವೆಗೆ ತಾವೇ ನಿಂತು ಅಡಿಗೆ ಮಾಡಿದ್ದರು ಮೇಷ್ಟ್ರೇ, ಬೇರೆಯವರನ್ನು ಒಲೆಯ ಹತ್ತಿರ ಬಿಡಲಿಲ್ಲ” ಎಂದನು.

ಕಾಯ್ದಿರಿಸುವಿಕೆ ತೆರೆಯುವ ದಿನವನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಗುರುತುಮಾಡಿಕೊಂಡಿರುವನು. ಮಗನು ಅಂಗಡಿಯನ್ನು ನೋಡಿಕೊಳ್ಳುವನಂತೆ. ಮಗಳು ದಿನಕ್ಕೆ ಒಂದೇ ಸಲ ಫೋನು ಮಾಡುವುದಾಗಿ ಒಪ್ಪಿದ್ದಾಳೆ.