‘ಸರ್ವರ್ ಡೌನ್’ ಎಂಬ ಉತ್ತರದ ಹಿಂದೆ

2017ರ ರಾಜ್ಯ ಆಯವ್ಯಯದಲ್ಲಿ ಘೋಷಿಸಲಾದ 49 ಹೊಸ ತಾಲ್ಲೂಕುಗಳಲ್ಲಿ ಕೆಜಿಎಫ್ ಕೂಡ ಒಂದು. ಬಂಗಾರಪೇಟೆಯಿಂದ ಬೇರ್ಪಟ್ಟ ಈ ತಾಲ್ಲೂಕಿಗೆ ಕಟ್ಟಡ, ಸಿಬ್ಬಂದಿಯ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಸೌಕರ್ಯವೂ ಬೇಕಾಯಿತು. ಅದು ಗಣಕ ಜಾಲ. ಪಹಣಿ, ಖಜಾನೆ, ನೋಂದಣಿ ಎಲ್ಲವೂ ಇಂದು ಜಾಲವನ್ನೇ ನೆಚ್ಚಿವೆ. ಅದು ಕೈಕೊಟ್ಟರೆ ಪಹಣಿಗೆಂದು ಹಳ್ಳಿಯಿಂದ ಬಂದವರ ಒಂದು ದಿನದ ಕೂಲಿ ಹೋದಂತೆಯೇ. ಕಿಟಕಿಯಲ್ಲಿ ಸಿಗುವ ಉತ್ತರ ಮಾತ್ರ ಒಂದೇ: ‘ಸರ್ವರ್ ಡೌನ್’.

ಈ ಉತ್ತರ ಎಷ್ಟೋ ಸಲ ತಪ್ಪಿರಬಹುದು.

ರಾಜಧಾನಿ, ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳನ್ನು ಜೋಡಿಸುವುದು ‘ಕೆಸ್ವಾನ್’. ಇಂತಹ ರಾಜ್ಯ ಜಾಲಗಳಿಗೆ ಕೇಂದ್ರ ಸರ್ಕಾರ 2005ರಲ್ಲಿ ಅನುಮೋದನೆ ನೀಡಿದಾಗ ನಿಗದಿಯಾದ ಕನಿಷ್ಠ ವೇಗ 2 ಎಂಬಿಪಿಎಸ್. ಹಲವು ಇಲಾಖೆಗಳು ಒಂದೇ ತಂತಿಯನ್ನು ಹಂಚಿಕೊಳ್ಳುವಾಗ ಒಬ್ಬರ ದತ್ತಾಂಶ ಇನ್ನೊಬ್ಬರದರೊಡನೆ ಬೆರೆಯದಂತೆ ತಡೆಯುವ ಸಾಮಾನ್ಯ ವಿಧಾನ ವಿ-ಲ್ಯಾನ್. 1998ರ 802.1ಕ್ಯೂ ಮಾನದಂಡದ ಪ್ರಕಾರ ಪ್ರತಿ ದತ್ತಾಂಶ ಕಂತೆಗೂ ಒಂದು ಸಂಖ್ಯೆಯ ಚೀಟಿ ಅಂಟುತ್ತದೆ. ಇಂತಹ 4094 ಸಂಖ್ಯೆಗಳನ್ನು ಬಳಸಬಹುದು. ಸ್ವಿಚ್‌ಗಳನ್ನು ಜೋಡಿಸುವ ‘ಟ್ರಂಕ್’ ಮಾರ್ಗದಲ್ಲಿ ಅವೆಲ್ಲ ಒಟ್ಟಿಗೇ ಸಾಗುತ್ತವೆ. ಹಳಿ ಒಂದೇ, ಗಾಡಿಗಳು ಬೇರೆ ಬೇರೆ. ಜಂಕ್ಷನ್ ಊರಾದ ಬಂಗಾರಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೊಡಕು ಇರುವುದು ಇಲ್ಲಿಯೇ. ಟ್ರಂಕ್‌ನಲ್ಲಿ ಒಂದು ಸಂಖ್ಯೆಗೆ ಅನುಮತಿ ನೀಡಲು ತಂತ್ರಜ್ಞರು ಮರೆತರೆ ಆ ಇಲಾಖೆಯೊಂದೇ ಕತ್ತಲಲ್ಲಿ ಉಳಿಯುತ್ತದೆ. ತಂತಿ ಸರಿಯಿದೆ, ಸ್ವಿಚ್ ಸರಿಯಿದೆ, ನಿಗಾ ತಂತ್ರಾಂಶದ ಪರದೆಯಲ್ಲಿ ಹಸಿರು ದೀಪವೂ ಉರಿಯುತ್ತಿದೆ! ನಾಗಿಯೋಸ್, ಝ್ಯಾಬಿಕ್ಸ್‌ನಂತಹ ಮುಕ್ತ ತಂತ್ರಾಂಶಗಳು ಎಸ್‌ಎನ್‌ಎಂಪಿ ಮೂಲಕ ಸ್ವಿಚ್‌ಗಳನ್ನು ನಿಯಮಿತವಾಗಿ ವಿಚಾರಿಸಬಲ್ಲವು. ಆದರೆ ಕೇಳಿದ್ದಕ್ಕಷ್ಟೇ ಉತ್ತರ ಸಿಗುತ್ತದೆ. ಸ್ವಿಚ್ ಜೀವಂತವಾಗಿದೆಯೇ ಎಂದು ನೋಡಿದರೆ ಸಾಲದು. ಪ್ರತಿ ವಿ-ಲ್ಯಾನ್‌ನ ಒಳಗಿಂದಲೇ ಆಯಾ ಇಲಾಖೆಯ ಸರ್ವರ್ ತಲುಪಬಹುದೇ ಎಂದು ಪರೀಕ್ಷಿಸಬೇಕು. ಯಾವ ಸಾಧನ ಯಾವುದನ್ನು ಅವಲಂಬಿಸಿದೆ ಎಂಬುದನ್ನೂ ತಂತ್ರಾಂಶಕ್ಕೆ ಮೊದಲೇ ತಿಳಿಸಿರಬೇಕು. ಇಲ್ಲವಾದರೆ ಮೇಲಿನ ಒಂದು ಕೊಂಡಿ ಕಡಿದಾಗ ಕೆಳಗಿನ ನೂರು ಸಾಧನಗಳ ಎಚ್ಚರಿಕೆಗಳು ಒಮ್ಮೆಲೇ ಬಂದು ಮೂಲದೋಷವೇ ಮುಚ್ಚಿಹೋಗುತ್ತದೆ.

ದೂರದ ತಂತಿಯನ್ನು ನಂಬಿ ಬದುಕುವುದು ಕೆಜಿಎಫ್‌ಗೆ ಹೊಸದಲ್ಲ. 1902ರಲ್ಲಿಯೇ ಸುಮಾರು 148 ಕಿ.ಮೀ. ದೂರದ ಶಿವನಸಮುದ್ರದಿಂದ ಇಲ್ಲಿನ ಗಣಿಗಳಿಗೆ ವಿದ್ಯುತ್ ಹರಿದು ಬಂದಿತ್ತು. ಗಣಿಗಳು 2001ರಲ್ಲಿ ಮುಚ್ಚಿದವು. ಈಗಿನ ಅವಲಂಬನೆ ದತ್ತಾಂಶದ್ದು.

ನಿಗಾ ಪರದೆ ರಾಜಧಾನಿಗಷ್ಟೇ ಸೀಮಿತವಾಗಿರಬೇಕೆಂಬ ನಿಯಮವೇನೂ ತಂತ್ರಜ್ಞಾನದಲ್ಲಿಲ್ಲ. ನೋಡಲು ಮಾತ್ರ ಅವಕಾಶವಿರುವ ಪರದೆಯೊಂದನ್ನು ತಾಲ್ಲೂಕು ಕಚೇರಿಗೂ ನೀಡಬಹುದು. ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕದ ಹೊರೆಯೂ ಇಲ್ಲ. ಆಗ ದೋಷ ಟ್ರಂಕ್‌ನಲ್ಲಿದೆಯೋ ಸರ್ವರ್‌ನಲ್ಲಿದೆಯೋ ಎಂಬುದನ್ನು ಕಿಟಕಿಯಲ್ಲಿರುವ ಸಿಬ್ಬಂದಿಯೇ ತಿಳಿಸಬಹುದು. ಸರತಿಯಲ್ಲಿ ನಿಂತವರು ಕಾಯಬೇಕೋ, ಬಸ್ಸು ಹಿಡಿಯಬೇಕೋ ಎಂದು ತೀರ್ಮಾನಿಸಬಹುದು.