ಬರೆದವರು ಯಾರೋ, ದಂಡ ಕಟ್ಟುವುದು ಸೊಪ್ಪಿನ ಅಜ್ಜಿ

ಕಳೆದ ವಾರದ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರು ನೂರರ ನೋಟು ಹಿಡಿದು ಮೂರು ಅಂಗಡಿ ತಿರುಗಿದ್ದನ್ನು ನಾವು ನೋಡಿದೆವು. ನೋಟಿನ ಬಿಳಿ ಜಾಗದಲ್ಲಿ ಯಾರೋ ಪೆನ್ನಿನಲ್ಲಿ ಫೋನ್ ನಂಬರ್ ಬರೆದಿದ್ದರು. ‘ಇದು ನಡೆಯಲ್ಲ ಅಜ್ಜಿ, ಬರೆದ ನೋಟು ಬಂದ್ ಆಗಿದೆ, ವಾಟ್ಸಾಪ್‌ನಲ್ಲಿ ಬಂದಿದೆ’ ಅಂದರು. ಕೊನೆಗೆ ಒಬ್ಬಾತ ಎಂಬತ್ತು ರೂಪಾಯಿ ಕೊಟ್ಟು ಅದನ್ನು ತೆಗೆದುಕೊಂಡ.

ಆ ಮೆಸೇಜು ಸುಳ್ಳು. ಗೀಚಿದ ನೋಟು ಚಲಾವಣೆಯಲ್ಲೇ ಇರುತ್ತದೆ, ಬ್ಯಾಂಕುಗಳು ಪಡೆಯಬೇಕು ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಪಿಐಬಿ ಕೂಡ ಇದನ್ನೇ ಹೇಳಿತು.

ಹಾಗಾದರೆ ಕಾನೂನೇ ಇಲ್ಲವೇ? ಇದೆ. ನಾಣ್ಯವನ್ನು ಕರಗಿಸಿದರೆ, ನಾಶ ಮಾಡಿದರೆ 2011ರ ನಾಣ್ಯ ಕಾಯ್ದೆಯಡಿ 7 ವರ್ಷದವರೆಗೆ ಜೈಲು. ನೋಟಿನ ಮೇಲೆ ಬರೆಯಬೇಡಿ, ಹಾರ ಮಾಡಬೇಡಿ, ಪಿನ್ ಹೊಡೆಯಬೇಡಿ ಎಂಬುದು ರಿಸರ್ವ್ ಬ್ಯಾಂಕಿನ ಮನವಿ. ಹಿಂದೆ ಬ್ಯಾಂಕ್ ಸಿಬ್ಬಂದಿಯೇ ಆ ಬಿಳಿ ಜಾಗದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದನ್ನು ನಿಲ್ಲಿಸಿ ಎಂದು ಬ್ಯಾಂಕುಗಳಿಗೂ ಹೇಳಬೇಕಾಯಿತು. ಕಾಲೇಜು ದಿನಗಳಲ್ಲಿ ನೋಟಿನ ಮೇಲೆ ಹೆಸರು ಬರೆದವರಲ್ಲಿ ನಾವೂ ಇದ್ದೇವೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ರಾಜಕೀಯ ಅಥವಾ ಧಾರ್ಮಿಕ ಸಂದೇಶ ಸಾರಲೆಂದೇ ಬರೆದ ನೋಟು, ಬೇಕೆಂದೇ ಕತ್ತರಿಸಿದ ನೋಟು ತಂದರೆ ಹಣ ಸಿಗದಿರಬಹುದು.

ಹರಿದ ನೋಟಿಗೂ ಲೆಕ್ಕವಿದೆ. 20 ರೂಪಾಯಿವರೆಗಿನ ನೋಟಿನ ಒಂದೇ ತುಂಡು ಅರ್ಧಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ. ಅದಕ್ಕಿಂತ ದೊಡ್ಡ ನೋಟಾದರೆ ಶೇ 80ಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ, ಶೇ 40ರಿಂದ 80ರವರೆಗೆ ಇದ್ದರೆ ಅರ್ಧ ಬೆಲೆ. ಕೊಳಕಾದ ನೋಟುಗಳನ್ನು ದಿನಕ್ಕೆ 20ರವರೆಗೆ, ಒಟ್ಟು 5,000 ರೂಪಾಯಿ ಮೀರದಂತೆ, ಯಾವುದೇ ಬ್ಯಾಂಕ್ ಶಾಖೆಯಲ್ಲಿ ಪುಕ್ಕಟೆ ಬದಲಾಯಿಸಿಕೊಳ್ಳಬಹುದು. ಅಲ್ಲಿ ನಿಮ್ಮ ಖಾತೆ ಇರಲೇಬೇಕೆಂದಿಲ್ಲ.

ನಮ್ಮ ಸಿಟ್ಟು ಇಲ್ಲೇ. ನೋಟಿನ ಮೇಲೆ ಬರೆದವನಿಗೆ ಏನೂ ಆಗುವುದಿಲ್ಲ. ಅದು ಕೊನೆಗೆ ಯಾರ ಕೈಗೆ ಬರುತ್ತದೋ ಅವರಿಗೆ ನಷ್ಟ. ಬ್ಯಾಂಕಿಗೆ ಹೋಗಲು ಬಸ್ ಚಾರ್ಜು, ಅರ್ಧ ದಿನದ ಕೂಲಿ ಎರಡೂ ಹೋಗುತ್ತವೆ. ಅದು ಗೊತ್ತಿರುವವರೇ ನೂರರ ನೋಟಿಗೆ ಎಂಬತ್ತು ಕೊಡುತ್ತಾರೆ. ಹತ್ತು ರೂಪಾಯಿ ನಾಣ್ಯದ ಕಥೆಯೂ ಇದೇ. 14 ಬಗೆಯ ವಿನ್ಯಾಸಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೂ ನಮ್ಮ ಕಡೆ ಈಗಲೂ ಅದನ್ನು ಹಿಂದಕ್ಕೆ ತಳ್ಳುವವರಿದ್ದಾರೆ.

ನೋಟು ಬದಲಾಯಿಸಿ ಕೊಡುತ್ತೇವೆ ಎಂಬ ಬೋರ್ಡನ್ನು ಪ್ರತಿ ಶಾಖೆ ಹಾಕಬೇಕು. ಅದು ಕನ್ನಡದಲ್ಲಿ, ಜನರ ಕಣ್ಣಿಗೆ ಬೀಳುವ ಕಡೆ ಇರಲಿ. ಪಂಚಾಯಿತಿಯವರು ಸಂತೆ ದಿನ ಮೈಕಿನಲ್ಲಿ ಒಂದು ಮಾತು ಹೇಳಲಿ. ಬ್ಯಾಂಕ್ ಒಪ್ಪದಿದ್ದರೆ ಮೊದಲು ಅಲ್ಲೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಅಂಗಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಬರೆದ ನೋಟು ಬಂದರೆ ತೆಗೆದುಕೊಳ್ಳಿ. ನಿಮಗೆ ವಾರಕ್ಕೊಮ್ಮೆಯಾದರೂ ಬ್ಯಾಂಕಿಗೆ ಹೋಗುವ ಕೆಲಸ ಇದ್ದೇ ಇರುತ್ತದೆ. ಅಜ್ಜಿಗೆ ಆ ಇಪ್ಪತ್ತು ರೂಪಾಯಿ ಅಂದರೆ ನಾಲ್ಕು ಕಟ್ಟು ಸೊಪ್ಪು.