ಜೋಡಿಸಿದ ಚಿತ್ರಕ್ಕೆ ಜವಾಬು ಬೇಕು

ಹಬ್ಬ ಬರಲಿ, ಚುನಾವಣೆ ಬರಲಿ, ಶೆಟ್ಟಿಹಳ್ಳಿಯ ರಸ್ತೆ ಬದಿಯಲ್ಲಿ ಫ್ಲೆಕ್ಸುಗಳು ಏಳುತ್ತವೆ. ಎಂದೂ ಒಂದೆಡೆ ಕೂರದ ಹತ್ತಾರು ಮುಖಗಳು ಅಲ್ಲಿ ಒಟ್ಟಿಗೆ ನಗುತ್ತವೆ. ಬೇರೆ ಬೇರೆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದ್ದೆಂದು ನೋಡಿದವರಿಗೆಲ್ಲ ಗೊತ್ತು. ಅದರಿಂದ ಯಾರೂ ಮೋಸಹೋಗುವುದಿಲ್ಲ. ಆದರೆ ಅದೇ ಕೈಚಳಕವು ನಡೆಯದ ಭೇಟಿಯನ್ನು ನಡೆದುದೆಂದು ತೋರಿಸಿದಾಗ ಅದು ಅಲಂಕಾರವಲ್ಲ, ಸುಳ್ಳು ಸಾಕ್ಷಿ.

ಈ ವಿದ್ಯೆ ಹೊಸದಲ್ಲ. ರೈಲಾಂಡರ್ ಎಂಬ ಛಾಯಾಗ್ರಾಹಕ 1857ರಲ್ಲಿಯೇ ಇಂಗ್ಲೆಂಡಿನಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಚಿತ್ರ ಮಾಡಿದ್ದ. ಅಂದು ಕತ್ತಲೆಕೋಣೆಯಲ್ಲಿ ವಾರಗಟ್ಟಲೆ ಹಿಡಿದ ಕೆಲಸ, 1990ರಲ್ಲಿ ಫೋಟೋಶಾಪ್ ಬಂದ ಮೇಲೆ ಮೇಜಿನ ಕೆಲಸವಾಯಿತು. ಇಂದು ಮೊಬೈಲಿನಲ್ಲಿ ನಿಮಿಷಗಳ ಕೆಲಸ. ಒಂದು ಫೋಟೋದಿಂದ ಮನುಷ್ಯನನ್ನು ಕತ್ತರಿಸಿ, ಇನ್ನೊಂದರ ಮೇಲೆ ಪದರವಾಗಿಟ್ಟು, ಅಳತೆ, ಬಣ್ಣ, ಬೆಳಕು ಹೊಂದಿಸಿದರೆ ಮುಗಿಯಿತು.

ವಿದ್ಯೆಯಲ್ಲಿ ದೋಷವಿಲ್ಲ. ಜರ್ಮನಿಯ ಜಾನ್ ಹಾರ್ಟ್‌ಫೀಲ್ಡ್ 1932ರಲ್ಲಿ ಕಾರ್ಮಿಕರ ಸಚಿತ್ರ ಪತ್ರಿಕೆಯಲ್ಲಿ, ಹಿಟ್ಲರನ ಬೆನ್ನೆಲುಬಿನ ಜಾಗದಲ್ಲಿ ನಾಣ್ಯಗಳ ಸಾಲನ್ನಿಟ್ಟು ತೋರಿಸಿದ. ಅವನ ಹಿಂದಿದ್ದ ಧನಿಕರ ಹಣ ಜನರ ಕಣ್ಣಿಗೆ ಬಿತ್ತು. ಆ ಚಿತ್ರ ಜೋಡಣೆಯನ್ನು ಮುಚ್ಚಿಡಲಿಲ್ಲ. ಜೋಡಣೆಯೇ ಅದರ ಮಾತಾಗಿತ್ತು.

ಇದಕ್ಕೆ ವಿರುದ್ಧವಾದುದು 1950ರ ಅಮೆರಿಕದ ಸಂಗತಿ. ಮೇರಿಲ್ಯಾಂಡಿನ ಸೆನೆಟರ್ ಟೈಡಿಂಗ್ಸ್, ಕಮ್ಯುನಿಸ್ಟ್ ಮುಖಂಡರಾಗಿದ್ದ ಬ್ರೌಡರ್ ಜತೆ ಆಪ್ತವಾಗಿ ನಿಂತಂತೆ ಎರಡು ಫೋಟೋ ಜೋಡಿಸಿ ವಿರೋಧಿಗಳು ಹಂಚಿದರು. ಜೋಡಿಸಿದ ಚಿತ್ರವೆಂಬ ಮಾತು ಕೆಳಗಿನ ಬರಹದಲ್ಲಿ ಇದ್ದೇ ಇತ್ತು. ಆದರೂ ಕಣ್ಣು ಚಿತ್ರವನ್ನು ನಂಬುತ್ತದೆ, ಬರಹವನ್ನು ದಾಟಿಹೋಗುತ್ತದೆ. ಟೈಡಿಂಗ್ಸ್ ಆ ಚುನಾವಣೆಯಲ್ಲಿ ಸೋತರು. ನಮ್ಮಲ್ಲಿಯೂ 2015ರ ಡಿಸೆಂಬರಿನಲ್ಲಿ, ಪ್ರಧಾನಿ ಚೆನ್ನೈ ಪ್ರವಾಹ ವೀಕ್ಷಿಸಿದಾಗ, ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯೇ ವಿಮಾನದ ಕಿಟಕಿಗೆ ಬೇರೊಂದು ದೃಶ್ಯ ಅಂಟಿಸಿದ ಚಿತ್ರವನ್ನು ಹೊರಬಿಟ್ಟು, ಜನ ಗೇಲಿ ಮಾಡಿದ ಮೇಲೆ ತೆಗೆದುಹಾಕಿತು.

ದುಡಿಯುವ ಜನಕ್ಕೆ ಇದರಲ್ಲೇನು? ಮುಷ್ಕರದ ನಡುವೆ ಸಂಘದ ಮುಖಂಡ ಮಾಲೀಕನ ಜತೆ ಊಟಕ್ಕೆ ಕೂತಂತೆ ಒಂದು ಚಿತ್ರ ವಾಟ್ಸಾಪಿನಲ್ಲಿ ಹರಿದರೆ ಸಾಕು, ಮಿಲ್ಲಿನ ಗೇಟಿನಲ್ಲಿ ಒಗ್ಗಟ್ಟು ಒಡೆಯುತ್ತದೆ. ಸಣ್ಣ ಅಂಗಡಿಯ ಬೋರ್ಡಿನ ಕೆಳಗೆ ಹುಳು ಹಿಡಿದ ಅಕ್ಕಿಮೂಟೆ ಅಂಟಿಸಿದರೆ ವ್ಯಾಪಾರ ಮುಳುಗುತ್ತದೆ. ದೊಡ್ಡವರಿಗೆ ವಕೀಲರಿದ್ದಾರೆ, ಪತ್ರಿಕೆಗಳಿವೆ, ಬಡವನಿಗಿರುವುದು ಹೆಸರೊಂದೇ. ಹೆಸರು ಕೆಡಿಸಲು ನಕಲಿ ವಿದ್ಯುನ್ಮಾನ ದಾಖಲೆ ಸೃಷ್ಟಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸವೆಂದು ಭಾರತೀಯ ನ್ಯಾಯ ಸಂಹಿತೆಯ 336ನೇ ಕಲಮು ಹೇಳುತ್ತದೆ. ಆದರೆ ಶಿಕ್ಷೆಯಾಗುವ ಹೊತ್ತಿಗೆ ಮುಷ್ಕರ ಮುರಿದಿರುತ್ತದೆ, ಅಂಗಡಿ ಮುಚ್ಚಿರುತ್ತದೆ.

ಆದುದರಿಂದ ನಮ್ಮ ಒತ್ತಾಯವಿಷ್ಟು: ಸರ್ಕಾರವಾಗಲಿ, ಯಾವ ಪಕ್ಷವಾಗಲಿ, ನಮ್ಮ ಪಕ್ಷವೂ ಸೇರಿ, ಜೋಡಿಸಿದ ಚಿತ್ರವನ್ನು ಹೊರತಂದರೆ ಆ ಮಾತನ್ನು ಚಿತ್ರದ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ಕಾರ್ಮಿಕ ಬಂಧುಗಳೂ ವ್ಯಾಪಾರಿ ಮಿತ್ರರೂ ಇಂಥ ಚಿತ್ರ ಕಂಡೊಡನೆ ಮುಂದಕ್ಕೆ ಕಳಿಸಬಾರದು. ನೆರಳುಗಳು ಒಂದೇ ಕಡೆಗೆ ಬಿದ್ದಿವೆಯೇ, ತಲೆ ಹೆಗಲುಗಳ ಅಂಚು ಸರಿಯಿದೆಯೇ ನೋಡಿ. ಅಂಚು ನಯವಾಗಿದ್ದರೂ ಸಾಲದು: ತೆಗೆದವರು ಯಾರು, ಎಲ್ಲಿ, ಯಾವ ದಿನ ಎಂದು ಕೇಳಿ. ಚಿತ್ರದಲ್ಲಿರುವವನನ್ನು ಸಂಘದ ಸಭೆಗೆ ಕರೆದು ಅವನ ಮಾತನ್ನೂ ಕೇಳಿ. ಜವಾಬು ಸಿಗುವ ತನಕ ಆ ಚಿತ್ರ ಸಾಕ್ಷಿಯಲ್ಲ.